ಏಳ್ನೂರಿಪ್ಪತ್ತು ತಾಸು

ಎರಡು ಸಾವಿರದ ಮೂರನೇ ಇಸವಿಯಲ್ಲಿ ನಾನು ಹೈದರಾಬಾದಿನ ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಕೂತು, ಅಮೆರಿಕದ ಹೂವಿನಂಗಡಿಯೊಂದರ ವೆಬ್‌ಸೈಟಿನಲ್ಲಿ ಗುಲಾಬಿಯ ಬಣ್ಣ ಬದಲಿಸುವ ಕೆಲಸ ಮಾಡುತ್ತಿದ್ದೆ. ನನ್ನ ಹೆಸರು ವಿನಾಯಕ, ಊರು ಕುಂದಾಪುರ. ಓದಿದ್ದು ಮೆಟಲರ್ಜಿ, ಅಂದರೆ ಲೋಹಶಾಸ್ತ್ರ. ಆಗ ಯಾರು ಏನು ಓದಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಎಡಕ್ಕೆ ಸಿವಿಲ್ ಓದಿದವನು, ಬಲಕ್ಕೆ ಮೀನುಗಾರಿಕೆ ಓದಿದವಳು. ಮೂವರೂ ಅಮೀರ್‌ಪೇಟೆಯಲ್ಲಿ ಆರು ವಾರ ಜಾವಾ ಕಲಿತು ಒಂದೇ ಬಗೆಯ ಕುರ್ಚಿಯಲ್ಲಿ ಬಂದು ಕೂತವರು. ಲೋಹ ಎಂದು ನಾನು ದಿನಕ್ಕೆ ಮುಟ್ಟುತ್ತಿದ್ದದ್ದು ಲಿಫ್ಟಿನ ಗುಂಡಿ ಮತ್ತು ಕ್ಯಾಂಟೀನಿನ ಚಮಚ.

ಹೀಗೆ ಸುಖವಾಗಿದ್ದಾಗ ನಮ್ಮ ಮ್ಯಾನೇಜರ್ ನಳಿನಿ ನನ್ನ ಹಳೇ ಬಯೋಡೇಟಾ ತೆಗೆದು ಓದಿದರು. ಅನಿಲ ಘಟಕಗಳನ್ನು ಕಟ್ಟುವ ಒಂದು ಕಂಪನಿ ಅವರಿಗೆ ಹೊಸ ಕೆಲಸ ಕೊಟ್ಟಿತ್ತು. ನೆಲದೊಳಗಿಂದ ಬರುವ ಅನಿಲದ ಜೊತೆ ಹಲವು ಕಡೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ವಿಷ. ಅದಕ್ಕೆ ನೀರು ಸೇರಿತೋ, ಉಕ್ಕನ್ನು ಒಳಗಿಂದ ಕೆಡಿಸುತ್ತದೆ. ಹೊರಗೆ ತುಕ್ಕು ಕಾಣುವುದಿಲ್ಲ, ಒಂದು ದಿನ ತಟ್ಟನೆ ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರಾಯಿತು ಅನ್ನುವಂತೆಯೂ ಇಲ್ಲ, ಅದರಲ್ಲೇ ನೂರಾರು ಜಾತಿ. ಯಾವ ಪೈಪಿಗೆ ಯಾವುದು, ಯಾವ ಬೋಲ್ಟಿಗೆ ಯಾವುದು ಎಂದು ಆರಿಸಿ ಹೇಳುವ ಪ್ರೋಗ್ರಾಂ ಬೇಕಿತ್ತು ಅವರಿಗೆ.

ನಳಿನಿ ನನ್ನನ್ನು ಕೋಣೆಗೆ ಕರೆದು, ತುಕ್ಕು ಮತ್ತು ಸವೆತದ ವಿಷಯ ಕಾಲೇಜಿನಲ್ಲಿ ಓದಿದ್ದೀಯಾ ಎಂದು ಕೇಳಿದರು. ಓದಿದ್ದೆ. ಎರಡು ಸಲ ಓದಿದ್ದೆ, ಮೊದಲ ಸಲ ಫೇಲಾಗಿದ್ದರಿಂದ. ಎರಡು ಸಲ ಎಂಬುದನ್ನು ಮಾತ್ರ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಮರುದಿನ ನನ್ನ ಮೇಜಿಗೆ ಹೊಸ ವಿಸಿಟಿಂಗ್ ಕಾರ್ಡುಗಳ ಡಬ್ಬಿ ಬಂತು, ಹೆಸರಿನ ಕೆಳಗೆ 'ಲೋಹತಜ್ಞ' ಎಂಬರ್ಥದ ಇಂಗ್ಲಿಷ್ ಪದ. ಅದರಲ್ಲಿ ನಾಲ್ಕನ್ನು ಆ ಸಂಜೆಯೇ ಊರಿಗೆ ಅಂಚೆಯಲ್ಲಿ ಕಳಿಸಿದೆ.

ಗ್ರಾಹಕ ಕಂಪನಿಯ ಚೀಫ್ ಎಂಜಿನಿಯರ್ ಚಲಪತಿ ಎಂಬವರು ಒಂದು ಷರತ್ತು ಹಾಕಿದ್ದರು. ಮಲ್ಕಾಜ್‌ಗಿರಿಯಲ್ಲಿ ಸಾವಿತ್ರಿಬಾಯಿ ಎಂಬ ಹಿರಿಯರಿದ್ದಾರೆ, ಮೂವತ್ತು ವರ್ಷ ಒಂದು ಪ್ರಯೋಗಾಲಯದಲ್ಲಿ ಈ ಅನಿಲದಲ್ಲಿ ಉಕ್ಕನ್ನು ಮುರಿದು ನೋಡಿದವರು, ಅವರ ತಲೆಯಲ್ಲಿ ಇರುವುದೆಲ್ಲ ಪ್ರೋಗ್ರಾಮಿಗೆ ಬರಬೇಕು. ನಾನು ಕ್ಯಾಲೆಂಡರ್ ನೋಡಿ, ಎರಡು ಶನಿವಾರ ಸಾಕು ಎಂದು ನಳಿನಿಗೆ ಬರೆದುಕೊಟ್ಟೆ. ಒಬ್ಬರ ಮೂವತ್ತು ವರ್ಷಕ್ಕೆ ಎರಡು ಶನಿವಾರ ಎಂಬುದು ಆಗ ನನಗೆ ಉದಾರವಾಗಿಯೇ ಕಂಡಿತ್ತು.

ಅವರ ಮನೆ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲು ತೆಗೆದವರು ಅವರ ಯಜಮಾನರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಅಮರಯ್ಯ. ಇಬ್ಬರೂ ಬೀದರ್ ಕಡೆಯ ಹುಮನಾಬಾದಿನವರು. ಹೆಂಡತಿ ಒಳಗಿನಿಂದ ಬರುವಷ್ಟರಲ್ಲಿ ಅಮರಯ್ಯ ತಮ್ಮ ಸಂಸಾರದ ದೊಡ್ಡ ದೂರನ್ನು ನನ್ನ ಮುಂದಿಟ್ಟರು.

"ನಮ್ಮ ಮನ್ಯಾಗ ಲಿಂಗಪೂಜಿ ಐತಿರಿ. ಮೊಟ್ಟಿ ಹೊಸ್ತಲಾ ದಾಟಿ ಬಂದಿಲ್ಲ. ಆದ್ರ ಈಕಿ ಸೀರಿ ವಾಸನಿ ನೋಡಿ ಓಣ್ಯಾನವ್ರು ಮೂವತ್ತು ವರ್ಷದಿಂದ ನಂಬವಲ್ರು."

ಸಾವಿತ್ರಿಬಾಯಿ ಅರವತ್ತು ದಾಟಿದ, ಸಣ್ಣ ಕಟ್ಟಿನ ಹೆಂಗಸು. ಆಗಲೂ ವಾರಕ್ಕೆ ಮೂರು ದಿನ ಹತ್ತಿರದ ಮೌಲಾಲಿಯ ಒಂದು ಖಾಸಗಿ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ನಾನು ಮೇಡಂ ಅಂದೆ. ಮೇಡಂ ಅಂದರೆ ಯಾರೋ ಬೇರೆಯವರು ಅನಿಸುತ್ತದೆ, ಎಲ್ಲರ ಹಾಗೆ 'ಬಾಯಾರ' ಅನ್ನು ಎಂದರು. ನಾನು ನನ್ನ ಕಾರ್ಡ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು, ನನ್ನ ಮುಖ ನೋಡಿದರು, ಚಹಾ ತರಲು ಹೋದರು.

ನಾನು ಎರಡು ಪುಟದ ನಮೂನೆ ಅಚ್ಚುಹಾಕಿಸಿಕೊಂಡು ಹೋಗಿದ್ದೆ. ಪ್ರಶ್ನೆ, ಮುಂದೆ ಚೌಕ, ಹೌದು ಅಥವಾ ಇಲ್ಲ. ಮೊದಲ ಪ್ರಶ್ನೆ: ಅನಿಲದಲ್ಲಿ ನೂರಕ್ಕೆ ಹತ್ತು ಭಾಗ ಹೈಡ್ರೋಜನ್ ಸಲ್ಫೈಡ್ ಇದ್ದರೆ ಯಾವ ಸ್ಟೀಲ್?

"ಅದನ್ನ ಹಂಗ ಹೇಳಾಕ ಬರಂಗಿಲ್ಲ ತಮ್ಮಾ," ಅಂದರು. "ಅದರಾಗ ನೀರ ಐತೇನು?"

ಇದೆ ಅಂದುಕೊಳ್ಳೋಣ ಎಂದೆ. ಹಾಗಾದರೆ ಆ ನೀರಿನಲ್ಲಿ ಉಪ್ಪು ಎಷ್ಟು ಎಂದು ಕೇಳಿದರು. ಬಿಸಿ ಎಷ್ಟು, ಒತ್ತಡ ಎಷ್ಟು, ಪೈಪನ್ನು ಯಾರು ಬಗ್ಗಿಸಿದ್ದು, ಕಾಯಿಸಿ ಬಗ್ಗಿಸಿದರೋ ತಣ್ಣಗೆ ಬಗ್ಗಿಸಿದರೋ, ಬೆಸುಗೆ ಹಾಕಿದವನು ಯಾರು, ಬೋಲ್ಟ್ ಎಲ್ಲಿಂದ ತಂದರು. ನಾನು ಬರೆಯುತ್ತ ಹೋದೆ. ಅರ್ಧ ಗಂಟೆಯಲ್ಲಿ ನನ್ನ ಒಂದನೇ ಪ್ರಶ್ನೆಗೆ ಅವರು ಹತ್ತೊಂಬತ್ತು ಪ್ರಶ್ನೆ ಕೇಳಿದ್ದರು, ಉತ್ತರ ಒಂದೂ ಬಂದಿರಲಿಲ್ಲ. ಎರಡು ಶನಿವಾರ ಏಳಾದವು. ನಮೂನೆ ಎರಡು ಪುಟದಿಂದ ನಲವತ್ತೊಂದಕ್ಕೆ ಏರಿತು. ಪ್ರತಿ ಸಲ ಅವರು ಒಂದು ಬಿಸ್ಕತ್ತಿನ ಡಬ್ಬಿ ತೆಗೆದು, ಅದರಲ್ಲಿದ್ದ ಮುರಿದ ಉಕ್ಕಿನ ಪಟ್ಟಿಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಇಟ್ಟು, ಇದು ಹದಿನಾರು ತಾಸು ಬಾಳಿತು, ಇದು ಮೂರು ದಿನ ಎಂದು ಪರಿಚಯ ಮಾಡಿಸುತ್ತಿದ್ದರು. ಕೆಲವರು ಮದುವೆಯ ಆಲ್ಬಂ ತೋರಿಸುವ ಹಾಗೆ. ನನಗೆ ಎಲ್ಲ ಪಟ್ಟಿಯೂ ಒಂದೇ ತರಹ ಕಾಣುತ್ತಿದ್ದವು. ಒಮ್ಮೆ ಗಟ್ಟಿತನ ನೋಡು ಎಂದು ಕೈಗೆ ಲೋಹ ಉಜ್ಜುವ ಅರ ಕೊಟ್ಟರು. ಪಟ್ಟಿಯ ಮೇಲೆ ಗೀರು ಬೀಳಲಿಲ್ಲ, ನನ್ನ ಹೆಬ್ಬೆರಳ ಉಗುರು ಅರ್ಧ ಹೋಯಿತು. ಅಮರಯ್ಯ ಅರಿಸಿನ ತಂದರು.

ಎಂಟನೇ ವಾರದಲ್ಲಿ ನಳಿನಿ ತಾಳ್ಮೆ ಕಳೆದುಕೊಂಡರು. ಚಲಪತಿಯವರಿಗೆ ತೋರಿಸುವ ದಿನ ನಿಗದಿಯಾಗಿತ್ತು, ನನ್ನ ಪ್ರೋಗ್ರಾಂ ಇನ್ನೂ ಪ್ರಶ್ನೆ ಕೇಳುತ್ತಲೇ ಇತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಪರೀಕ್ಷೆಯ ಹಾಗೆ ಪ್ರತಿ ಸ್ಟೀಲಿಗೂ ಅಂಕ ಕೊಟ್ಟುಬಿಡುವುದು. ಕ್ರೋಮಿಯಂ ಜಾಸ್ತಿಯಿದ್ದರೆ ಇಷ್ಟು, ಸುಲಭವಾಗಿ ಸಿಗುವಂತಿದ್ದರೆ ಇಷ್ಟು, ಗಟ್ಟಿಯಾಗಿದ್ದರೆ ಇಷ್ಟು. ಯಾವುದಕ್ಕೆ ಹೆಚ್ಚು ಅಂಕವೋ ಅದೇ ಪಾಸು. ಗಟ್ಟಿತನಕ್ಕೆ ನಾನು ಧಾರಾಳವಾಗಿಯೇ ಕೊಟ್ಟೆ. ಗಟ್ಟಿಯಾದದ್ದು ಒಳ್ಳೆಯದಲ್ಲದೆ ಮತ್ತೇನು? ಈ ಅನಿಲದಲ್ಲಿ ಗಟ್ಟಿಯಾದದ್ದೇ ಮೊದಲು ಮುರಿಯುತ್ತದೆ ಎಂದು ಸಾವಿತ್ರಿಬಾಯಿ ಮೂರನೇ ಶನಿವಾರವೇ ಹೇಳಿದ್ದರು. ನಾನದನ್ನು ಬರೆದುಕೊಂಡೂ ಇದ್ದೆ, 'ಇತರೆ ವಿಚಾರಗಳು' ಎಂಬ ತಲೆಬರಹದ ಕೆಳಗೆ. ಪ್ರೋಗ್ರಾಮಿನಲ್ಲಿ ಇತರೆ ವಿಚಾರಗಳಿಗೆ ಜಾಗವಿರಲಿಲ್ಲ.

ತೋರಿಸುವ ದಿನ ನಳಿನಿ ಗೌರವಕ್ಕೆಂದು ಸಾವಿತ್ರಿಬಾಯಿಯವರನ್ನೂ ಕರೆಸಿದ್ದರು. ಆಫೀಸಿನ ಕಾರಿನಲ್ಲಿ ಬಂದು, ಇಳಕಲ್ ಸೀರೆಯುಟ್ಟು, ಹಿಂದಿನ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟು ಕೂತರು. ಚಲಪತಿ ಮುಂದೆ. ನಾನು ಬಾಡಿಗೆಗೆ ತಂದ ಬ್ಲೇಜರ್ ಹಾಕಿದ್ದೆ. ತೋಳು ಉದ್ದವಾಗಿ, ಕೀಲಿಮಣೆ ಒತ್ತುವಾಗ ಕೈಯ ಬದಲು ಬಟ್ಟೆಯೇ ಒತ್ತುತ್ತಿತ್ತು.

ಚಲಪತಿ ತಮ್ಮ ಘಟಕದ್ದೇ ಒಂದು ವಾಲ್ವಿನ ವಿವರ ಕೊಟ್ಟರು. ವಾಲ್ವಿನ ನಡುವೆ ತಿರುಗುವ ಕಡ್ಡಿಗೆ ಯಾವ ಸ್ಟೀಲ್ ಎಂಬುದು ಪ್ರಶ್ನೆ. ಅನಿಲದಲ್ಲಿ ನೂರಕ್ಕೆ ಆರು ಭಾಗ ಹೈಡ್ರೋಜನ್ ಸಲ್ಫೈಡ್, ನೀರು ಉಂಟು, ಉಪ್ಪು ಉಂಟು. ನಾನು ತುಂಬಿದೆ. ಪರದೆಯ ಮೇಲೆ ಹಸಿರು ಪಟ್ಟಿ ಓಡಿತು. ಅದು ಏನನ್ನೂ ಲೆಕ್ಕ ಹಾಕುತ್ತಿರಲಿಲ್ಲ, ಯೋಚಿಸುವ ಹಾಗೆ ಕಾಣಲಿ ಎಂದು ನಾನೇ ಹಾಕಿದ್ದು. ಆಮೇಲೆ ಉತ್ತರ ಬಂತು. 'ನಾನ್ನೂರ ನಲವತ್ತು ಸಿ' ಎಂಬ ಜಾತಿಯ ಸ್ಟೀಲ್, ಸೂಕ್ತತೆ ನೂರಕ್ಕೆ ತೊಂಬತ್ತಾರು.

ಚಲಪತಿ ಪೆನ್ನು ಕೆಳಗಿಟ್ಟರು. ಮೆಚ್ಚಿಕೊಂಡರು ಅಂದುಕೊಂಡೆ. ಇದನ್ನು ಯಾಕೆ ಆರಿಸಿತು ಎಂದು ಚಲಪತಿ ಬಹಳ ಸೌಜನ್ಯದಿಂದ ಇಂಗ್ಲಿಷಿನಲ್ಲಿ ಕೇಳಿದರು. ಆಗಲಾದರೂ ನೋಡಿ ಹೇಳುತ್ತೇನೆ ಅನ್ನಬಹುದಿತ್ತು. ನಾನು ಹತ್ತು ನಿಮಿಷ ಸಮರ್ಥಿಸಿಕೊಂಡೆ. ಮನುಷ್ಯರಿಗೆ ಅಭ್ಯಾಸದ ಪೂರ್ವಗ್ರಹ ಇರುತ್ತದೆ, ಕಂಪ್ಯೂಟರಿಗೆ ಇಲ್ಲ ಎಂದೆ. ಅನುಭವಿಗಳಿಗೆ ವಿಚಿತ್ರ ಕಾಣುವ ಉತ್ತರವೇ ಹೊಸ ದಾರಿ ಇರಬಹುದು ಎಂದೆ. ಬೋರ್ಡಿನ ಮೇಲೆ ಒಂದು ಗ್ರಾಫ್ ಕೂಡ ಬಿಡಿಸಿದೆ. ಅದು ಯಾವುದರ ಗ್ರಾಫ್ ಎಂದು ಈಗಲೂ ನನಗೆ ಗೊತ್ತಿಲ್ಲ, ಮೇಲಕ್ಕೆ ಹೋಗುತ್ತಿತ್ತು ಎಂಬುದಷ್ಟೇ ನೆನಪು.

ಚಲಪತಿ ಹಿಂದಕ್ಕೆ ತಿರುಗಿ ಸಾವಿತ್ರಿಬಾಯಿಯವರನ್ನು ನೋಡಿದರು. ಅವರು ನನ್ನನ್ನೇ ನೋಡುತ್ತಿದ್ದರು.

"ತಮ್ಮಾ, ಇದು ಚಾಕು ಮಾಡೂ ಉಕ್ಕು," ಅಂದರು. "ಭಾಳ ಗಟ್ಟಿ. ಆ ಗಾಳ್ಯಾಗ ಒಂದು ದಿನಾ ತಡಿಯಂಗಿಲ್ಲ."

ಆಮೇಲೆ ಚಲಪತಿಯವರ ಕಡೆ ತಿರುಗಿ ಹಿಂದಿಯಲ್ಲಿ, ಹುಡುಗನದು ತಪ್ಪಲ್ಲ, ನಾನೇ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ ಎಂದರು. ಅವರು ಬಿಡಿಸಿ ಹೇಳಿದ್ದರು. ಏಳು ಶನಿವಾರ, ಚಹಾ ಕೊಟ್ಟು ಹೇಳಿದ್ದರು. ನಾನು ಅವರ ಮಾತನ್ನೇ ನಿಜವಾಗಲು ಬಿಟ್ಟೆ. ಬ್ಲೇಜರಿನ ತೋಳಿನೊಳಗೆ ಕೈ ಎಳೆದುಕೊಂಡು ನಿಂತಿದ್ದೆ.

ಚಲಪತಿ ಬೈಯಲಿಲ್ಲ. ಹಿಂದೊಮ್ಮೆ ಬೇರೆ ಕಡೆ ತಾವು ಕೆಲಸಕ್ಕಿದ್ದ ಘಟಕದಲ್ಲಿ ಗಟ್ಟಿ ಎಂದು ಹಾಕಿದ ನಾಲ್ಕು ಬೋಲ್ಟು ಮುರಿದದ್ದನ್ನು ಹೇಳಿದರು. ಅನಿಲ ಹೊರಬಂದಾಗ ಹತ್ತಿರ ಇಬ್ಬರಿದ್ದರಂತೆ. ಇಬ್ಬರ ಹೆಸರನ್ನೂ ಹೇಳಿದರು, ಒಬ್ಬನ ಮಗಳ ಮದುವೆಗೆ ತಾವು ಹೋಗಿ ಬಂದದ್ದನ್ನೂ ಹೇಳಿದರು. ಪರದೆಯ ಮೇಲೆ ತೊಂಬತ್ತಾರು ಎಂಬ ಅಂಕೆ ಇನ್ನೂ ಹಸಿರಾಗಿ ಹೊಳೆಯುತ್ತಿತ್ತು. ನಳಿನಿ ಎದ್ದು ವೈರ್ ಕಿತ್ತರು. ಒಂದು ತಿಂಗಳ ಸಮಯ ಕೊಟ್ಟು ಚಲಪತಿ ಹೊರಟರು.

ಆ ವಾರವೇ ನಾನು ರಾಜೀನಾಮೆ ಬರೆದೆ. ಇದರಲ್ಲಿ ತ್ಯಾಗವೇನೂ ಇರಲಿಲ್ಲ. ಆ ವರ್ಷ ಮಾದಾಪುರದಲ್ಲಿ ರಾಜೀನಾಮೆ ಕೊಟ್ಟವನು ಲಿಫ್ಟಿನಲ್ಲಿ ಕೆಳಗಿಳಿದು, ಪಕ್ಕದ ಲಿಫ್ಟಿನಲ್ಲಿ ಬೇರೆ ಕಂಪನಿಗೆ ಹತ್ತಬಹುದಿತ್ತು. ಒಂದು ಬ್ಯಾಂಕಿನ ಕೆಲಸ ನನಗೆ ಆಗಲೇ ಕುದುರಿತ್ತು. ಸಾವಿತ್ರಿಬಾಯಿಯವರಿಗೆ ಹೇಳಿ ಹೋಗಬೇಕು ಅನಿಸಿತು. ಬುಧವಾರ ಮೌಲಾಲಿಗೆ ಹೋದೆ. ಅವತ್ತು ಸಾಲಾಗಿ ಕ್ಷಮೆಯ ಮಾತು ಜೋಡಿಸಿಕೊಂಡು ಹೋಗಿದ್ದೆ, ಇಂಗ್ಲಿಷಿನ ಎರಡು ಪದವೂ ಇದ್ದವು.

ಅವರು ಕ್ಷಮೆ ಕೇಳಿಸಿಕೊಳ್ಳುವ ಪುರುಸೊತ್ತಿನಲ್ಲಿರಲಿಲ್ಲ. ಬಂದದ್ದು ಛಲೋ ಆಯಿತು, ಹಿಡಿ ಎಂದು ಕೈಗೆ ರಬ್ಬರ್ ಕೈಗವಸು ಕೊಟ್ಟರು. ಮೇಜಿನ ಮೇಲೆ ಎರಡು ಪಟ್ಟಿಗಳಿದ್ದವು. ಒಂದು ನನ್ನ ತೊಂಬತ್ತಾರು ಅಂಕದ್ದು. ಇನ್ನೊಂದು ಮುನ್ನೂರ ಹದಿನಾರು ಎಂಬ ಜಾತಿ, ಕಾಯಿಸಿ ಮೆತ್ತಗೆ ಮಾಡಿದ್ದು, ನನ್ನ ಪ್ರೋಗ್ರಾಮಿನಲ್ಲಿ ಫೇಲಾದದ್ದು. ಎರಡನ್ನೂ ಬಿಲ್ಲಿನ ಹಾಗೆ ಬಗ್ಗಿಸಿ ಚೌಕಟ್ಟಿಗೆ ಬಿಗಿಯುವ ಕೆಲಸ ನನಗೆ ಕೊಟ್ಟರು. ನಾಲ್ಕು ಸಲ ಕೈಜಾರಿತು. ಐದನೇ ಸಲ ಬಿಗಿದೆ. ಅವರು ಬಂದು ಅಳತೆ ನೋಡಿ, ಬಿಚ್ಚಿ, ಮತ್ತೆ ತಾವೇ ಬಿಗಿದರು. ಉಪ್ಪು ಮತ್ತು ಹುಳಿ ಸೇರಿಸಿದ ನೀರಿರುವ ಗಾಜಿನ ಪಾತ್ರೆಯಲ್ಲಿ ಎರಡನ್ನೂ ಇಳಿಸಿ, ಮುಚ್ಚಿ, ಹೊಗೆ ಎಳೆಯುವ ಕಪಾಟಿನೊಳಗೆ ಇಟ್ಟು ಅನಿಲ ಬಿಟ್ಟರು. ಆಗ ಹನ್ನೊಂದು ಗಂಟೆ.

ಎಷ್ಟೇ ಮುಚ್ಚಿದ್ದರೂ ಸ್ವಲ್ಪ ವಾಸನೆ ಬಂತು. ನಾನು ಮೂಗು ಮುಚ್ಚಿಕೊಂಡೆ. ವಾಸನೆ ಬರುವಷ್ಟು ಹೊತ್ತು ಹೆದರಬೇಡ ಎಂದರು.

"ವಾಸನಿ ಇದ್ದಕ್ಕಿದ್ದಂಗ ನಿಂತ್ರ ಓಡು. ಗಾಳಿ ಹೋಗಿರಂಗಿಲ್ಲ, ಮೂಗು ಸತ್ತಿರ್ತೈತಿ."

ಅಲ್ಲಿಂದ ಮುಂದೆ ನಾನು ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಉಸಿರೆಳೆದು ವಾಸನೆ ಇದೆಯೇ ಎಂದು ನೋಡಿಕೊಳ್ಳುತ್ತ ಕೂತೆ. ಒಮ್ಮೆ ವಾಸನೆ ಬರಲಿಲ್ಲ ಅನಿಸಿ ಎದ್ದು ಬಾಗಿಲವರೆಗೆ ಓಡಿದ್ದೂ ಆಯಿತು. ನೆಗಡಿಯಾಗಿತ್ತು, ಅಷ್ಟೆ. ಅವರು ಗೋಡೆಯ ಮೇಲಿದ್ದ, ಅನಿಲ ಅಳೆಯುವ ಮೀಟರ್ ತೋರಿಸಿ, ಅದು ಕೂಗದಿದ್ದರೆ ಕೂಡು ಎಂದರು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯೆ ತಂದಿದ್ದರು. ಪಕ್ಕದ ಕೋಣೆಯಲ್ಲಿ ಕೂತು ಉಂಡು ಬಂದೆವು. ಎರಡೂಕಾಲು ಗಂಟೆಗೆ ಪಾತ್ರೆಯೊಳಗೆ 'ಟಿಕ್' ಎಂದಿತು. ಬಳೆ ಒಡೆದಷ್ಟು ಸಣ್ಣ ಸದ್ದು. ನನ್ನ ತೊಂಬತ್ತಾರು ಎರಡು ತುಂಡಾಗಿ ತಳಕ್ಕೆ ಬಿದ್ದಿತ್ತು. ತುಕ್ಕಿಲ್ಲ, ಬಿರುಕು ಬಿಟ್ಟ ಮುನ್ಸೂಚನೆಯಿಲ್ಲ. ಅದರ ಪಕ್ಕದಲ್ಲಿ ಮುನ್ನೂರ ಹದಿನಾರು ಬಾಗಿಕೊಂಡೇ ಇತ್ತು, ಮೇಲೆ ಒಂದಿಷ್ಟು ಮಂಕು ಬಂದಿತ್ತು, ಅಷ್ಟೆ.

ಲೋಹಶಾಸ್ತ್ರದಲ್ಲಿ ಪದವಿ ಪಡೆದು ಐದು ವರ್ಷವಾದ ಮೇಲೆ ನಾನು ಮೊದಲ ಸಲ ಒಂದು ಲೋಹ ಏನೋ ಮಾಡಿದ್ದನ್ನು ಕಣ್ಣಾರೆ ನೋಡಿದ್ದು. ಚಲಪತಿ ಹೇಳಿದ ಇಬ್ಬರೂ ಆ ಬೋಲ್ಟಿನ ಹತ್ತಿರ ನಿಂತಾಗ ಅವರಿಗೆ ಕೇಳಿಸಿದ್ದೂ ಇಷ್ಟೇ ಸದ್ದು ಇರಬಹುದು. ಇನ್ನೊಂದು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದೆ. ಏಳ್ನೂರಿಪ್ಪತ್ತು ತಾಸು ಇಡಬೇಕು, ತಿಂಗಳಾಗುತ್ತದೆ ಎಂದರು. ಕ್ಷಮೆಯ ಮಾತು ಆಗ ನೆನಪಾಗಿ ಶುರುಮಾಡಿದೆ. ಇಂಗ್ಲಿಷಿನ ಮೊದಲ ಪದಕ್ಕೇ ಅವರು ಪಾತ್ರೆಯ ನೀರು ನೋಡಲು ಎದ್ದುಹೋದರು.

ರಾಜೀನಾಮೆ ಜೇಬಿನಲ್ಲೇ ಉಳಿಯಿತು. ಮುಂದಿನ ಬುಧವಾರ ಪ್ಯಾಂಟಿನ ಜೊತೆ ಒಗೆತಕ್ಕೆ ಹೋಯಿತು. ಬ್ಯಾಂಕಿನ ಕೆಲಸ ಮೀನುಗಾರಿಕೆ ಓದಿದವಳಿಗೆ ಸಿಕ್ಕಿತು, ಅವಳು ಚೆನ್ನಾಗಿಯೇ ಮಾಡಿದಳಂತೆ.

ಆ ತಿಂಗಳು ನಾನು ಅಂಕಗಳನ್ನೆಲ್ಲ ಅಳಿಸಿದೆ. ಹಸಿರು ಪಟ್ಟಿಯನ್ನೂ ಅಳಿಸಿದೆ, ಅದಕ್ಕೆ ಮಾತ್ರ ಸ್ವಲ್ಪ ಸಂಕಟವಾಯಿತು. ನಲವತ್ತೊಂದು ಪುಟದ ಪ್ರಶ್ನೆಗಳನ್ನು ವಾಪಸು ತಂದೆ. ಯಾವುದು ಒಳ್ಳೆಯದು ಎಂದು ಹುಡುಕುವ ಬದಲು, ಯಾವುದನ್ನು ಹಾಕಲೇಬಾರದು ಎಂದು ಒಂದೊಂದಾಗಿ ತೆಗೆದುಹಾಕುವ ಹಾಗೆ ಬರೆದೆ. ಗಟ್ಟಿತನ ಮಿತಿ ದಾಟಿದರೆ ಹೊರಗೆ. ಉಪ್ಪು ಇಷ್ಟು, ಬಿಸಿ ಇಷ್ಟು ಇದ್ದರೆ ಇವು ಹೊರಗೆ. ಒಂದೇ ಒಂದು ಪ್ರಶ್ನೆಗೆ ಉತ್ತರ ತುಂಬದಿದ್ದರೂ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ನಳಿನಿ ಪ್ರಯತ್ನಿಸಿ ನೋಡಿ, ಹತ್ತು ಸಲದಲ್ಲಿ ಒಂಬತ್ತು ಸಲ ಇದು ಉತ್ತರವನ್ನೇ ಕೊಡುವುದಿಲ್ಲವಲ್ಲ, ಇದನ್ನು ಯಾವ ಬಾಯಲ್ಲಿ ಮಾರಲಿ ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ.

ತಿಂಗಳು ತುಂಬಿದ ದಿನ ಮೌಲಾಲಿಗೆ ಹೋದೆ. ಪಟ್ಟಿ ಹೊರತೆಗೆದು, ತೊಳೆದು, ಭೂತಗನ್ನಡಿಯ ಕೆಳಗೆ ಸಾವಿತ್ರಿಬಾಯಿ ಬಹಳ ಹೊತ್ತು ನೋಡಿದರು. ನನಗೂ ನೋಡಲು ಕೊಟ್ಟರು. ನನಗೆ ಒಂದು ಬಿರುಕು ಕಂಡಿತು. ಅದು ಗಾಜಿನ ಮೇಲಿನ ಕೂದಲು. ವರದಿ ನೀನೇ ಬರಿ ಎಂದು ಪುಸ್ತಕ ಮುಂದೆ ತಳ್ಳಿದರು. 'ಈ ಸ್ಟೀಲ್ ಮುರಿಯುವುದಿಲ್ಲ' ಎಂದು ದೊಡ್ಡದಾಗಿ ಬರೆದೆ. ಅವರು ಓದಿ, ಅದನ್ನು ಹೊಡೆದುಹಾಕಿದರು.

"ಏಳ್ನೂರಿಪ್ಪತ್ತು ತಾಸಿನ ಮಟ್ಟ ಮುರಿದಿಲ್ಲ ಅಂತ ಬರಿ. ಆಮ್ಯಾಲಿಂದು ನಮಗ ಗೊತ್ತಿಲ್ಲ."

ಹಾಗೆಯೇ ಬರೆದೆ. ಅದರ ಕೆಳಗೆ ಸಹಿ ಹಾಕುವಾಗ ಲೋಹತಜ್ಞ ಎಂದು ಸೇರಿಸಬೇಕೋ ಬೇಡವೋ ಎಂದು ತಡೆದೆ. ಅವರು ಪೆನ್ನು ಕಸಿದುಕೊಂಡು, 'ನೋಡಿದವರು' ಎಂದು ಬರೆದು ಇಬ್ಬರ ಹೆಸರನ್ನೂ ಹಾಕಿದರು.

ಎರಡನೇ ಸಲ ತೋರಿಸುವ ದಿನ ಬ್ಲೇಜರ್ ತರಲಿಲ್ಲ. ಮಾತು ಶುರುವಾಗುವ ಮೊದಲು, ಕಳೆದ ಸಲ ಬಾಯಾರು ಹೇಳಿದ್ದು ಸುಳ್ಳು, ಅವರು ಎಲ್ಲವನ್ನೂ ಹೇಳಿದ್ದರು, ನಾನೇ ಬಿಟ್ಟಿದ್ದೆ ಎಂದು ಚಲಪತಿಯವರಿಗೆ ಹೇಳಿದೆ. ಗೊತ್ತಿತ್ತು, ಕೂತುಕೊಳ್ಳಿ ಎಂದರು.

ಅವರೇ ಕೀಲಿಮಣೆಯ ಮುಂದೆ ಕೂತು ಮತ್ತೊಂದು ಘಟಕದ ಸಣ್ಣ ಪೈಪೊಂದರ ವಿವರ ತುಂಬತೊಡಗಿದರು. ಹದಿನೇಳನೇ ಪ್ರಶ್ನೆಗೆ ಪ್ರೋಗ್ರಾಂ ನಿಂತಿತು. ಪೈಪನ್ನು ತಣ್ಣಗೆ ಬಗ್ಗಿಸಿದ್ದೋ, ಕಾಯಿಸಿಯೋ? ತಣ್ಣಗೆ ಬಗ್ಗಿಸಿದ ಕಡೆ ಉಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ. ಚಲಪತಿಗೆ ಗೊತ್ತಿರಲಿಲ್ಲ. ಖಾಲಿ ಬಿಟ್ಟು ಮುಂದೆ ಒತ್ತಿದರು, ಹೋಗಲಿಲ್ಲ. ಮತ್ತೆ ಒತ್ತಿದರು. ನಳಿನಿ ಚಾವಣಿ ನೋಡುತ್ತಿದ್ದರು. ಕೊನೆಗೆ ಚಲಪತಿ ಮೊಬೈಲ್ ತೆಗೆದು ಘಟಕಕ್ಕೆ ಫೋನ್ ಮಾಡಿ ತೆಲುಗಿನಲ್ಲಿ ಕೇಳಿದರು. ಅಲ್ಲಿಯವರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿ, ಗಟ್ಟಿತನ ಅಳೆದು ಹೇಳಿ ಎಂದರು. ಆ ದಿನ ನಮ್ಮ ಪ್ರೋಗ್ರಾಂ ಯಾವ ಸ್ಟೀಲನ್ನೂ ಆರಿಸಲಿಲ್ಲ. ತಂದಿಟ್ಟ ಸಮೋಸ ತಿಂದು ಎಲ್ಲರೂ ಎದ್ದರು.

ಮೂರನೇ ದಿನ ಫ್ಯಾಕ್ಸ್ ಬಂತು. ಪೈಪನ್ನು ಸ್ಥಳದಲ್ಲೇ ತಣ್ಣಗೆ ಬಗ್ಗಿಸಿದ್ದರು, ಬಾಗಿನಲ್ಲಿ ಗಟ್ಟಿತನ ಮಿತಿ ದಾಟಿತ್ತು, ಘಟಕವನ್ನು ನಿಲ್ಲಿಸಿ ಆ ತುಂಡನ್ನು ಬದಲಿಸುತ್ತಿದ್ದಾರೆ ಎಂದಿತ್ತು. ಕೆಳಗೆ ಚಲಪತಿ, ಪ್ರೋಗ್ರಾಂ ಒಪ್ಪಿಗೆಯಾಗಿದೆ, ಆದರೆ ಹದಿನೇಳನೇ ಪ್ರಶ್ನೆಯಲ್ಲಿ ಕಾಗುಣಿತದ ತಪ್ಪಿದೆ, ಸರಿಪಡಿಸಿ ಎಂದು ಕೈಯಲ್ಲಿ ಬರೆದಿದ್ದರು.